ಫುಮಿಯ ಮನೆಯ ಒಂದು ಬಟ್ಟಲು ಟೀ

ಹೋದ ತಿಂಗಳು ಪೂರಿಗಾಲಿಯಲ್ಲಿ ನಮ್ಮ ನಂಟರ ಮನೆಯ ಮುಂಜಿಗೆ ಹೋಗಿದ್ದೆ. ಊಟವಾದ ಮೇಲೆ ಸ್ವಲ್ಪ ಕಾಲಾಡಿಸೋಣವೆಂದು ಹಿತ್ತಿಲ ಕಡೆ ಹೋದರೆ, ಪಕ್ಕದ ಮನೆಯ ಜಗುಲಿಯ ಮೇಲೆ ಒಬ್ಬ ಹೆಂಗಸು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದಳು. ಮೊಟ್ಟೆಯೊಡೆದು ಆಗತಾನೆ ಬಂದ ರೇಷ್ಮೆ ಹುಳುವಿಗೆ ಸೊಪ್ಪನ್ನು ಕೂದಲೆಳೆಯಂತೆ ಹೆಚ್ಚಿ ಹಾಕಬೇಕು. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ನನ್ನ ಕಾಲು ಮುಂದಕ್ಕೆ ಹೋಗಲಿಲ್ಲ. ಅಲ್ಲೇ ಕಲ್ಲುಚಪ್ಪಡಿಯ ಮೇಲೆ ಕೂತುಬಿಟ್ಟೆ.

"ಯಾಕಜ್ಜಿ, ತಲೆ ಸುತ್ತು ಬಂತಾ? ನೀರು ತರ್ಲಾ?" ಎಂದಳು.

"ಏನಿಲ್ಲ ಕಣಮ್ಮ, ನೀನು ಹೆಚ್ಚು" ಎಂದೆ.

ಆ ಸೊಪ್ಪಿನ ಟೀಯನ್ನು ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಕುಡಿದಿದ್ದೇನೆಂದರೆ ಅವಳು ನಂಬುತ್ತಿರಲಿಲ್ಲ. ಮನೆಗೆ ಬಂದ ಮೇಲೂ ಮನಸ್ಸಿನಿಂದ ಹೋಗದ್ದರಿಂದ ಬರೆದಿಡುತ್ತಿದ್ದೇನೆ. ನನಗೆ ಬರೆಯುವ ಅಭ್ಯಾಸ ಇರುವುದು ರಾಮನಾಮವೊಂದನ್ನೇ. ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ಎರಡನೆಯ ಮಹಾಯುದ್ಧ ಶುರುವಾದ ಮಾರನೆಯ ವರ್ಷ. ನಮ್ಮ ಯಜಮಾನರು ಮಳವಳ್ಳಿಯಲ್ಲಿ ಒಂದು ರೇಷ್ಮೆ ಫಾರಮ್ಮಿನ ಗುಮಾಸ್ತರಾಗಿದ್ದರು. ಫಾರಮ್ಮಿನ ಅಂಚಿಗೆ ನಾಲ್ಕು ಹೆಂಚಿನ ಮನೆ. ಒಂದರಲ್ಲಿ ನಾನು, ಯಜಮಾನರು, ನಮ್ಮತ್ತೆ. ಕೊನೆಯದರಲ್ಲಿ ಜಪಾನಿನ ಒಬ್ಬ ರೇಷ್ಮೆ ತಜ್ಞರು. ರೋಗವಿಲ್ಲದ ಮೊಟ್ಟೆ ಆರಿಸುವುದನ್ನು ನಮ್ಮವರಿಗೆ ಕಲಿಸಲೆಂದು ಅವರನ್ನು ಕರೆಸಿದ್ದರು. ಬೆಳಗಿಂದ ಸಂಜೆಯವರೆಗೆ ಮೊಟ್ಟೆಯಿಟ್ಟ ಚಿಟ್ಟೆಗಳನ್ನು ಅರೆದು, ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವರ ಕೆಲಸ. ಮಾತು ಕಡಿಮೆ. ಅವರ ಹೆಂಡತಿಯ ಹೆಸರು ಫುಮಿ. ಊರವರ ಬಾಯಲ್ಲಿ ಅದು ಪುಮ್ಮಮ್ಮ ಆಗಿತ್ತು. ಒಬ್ಬಳೇ ಮಗಳು, ಐದು ವರ್ಷದವಳು, ಚಿಯೋ.

ಆ ಶ್ರಾವಣದಲ್ಲಿ ಚಿಯೋ ವಿಷಮಜ್ವರದಿಂದ ತೀರಿಕೊಂಡಳು. ಹದಿನೆಂಟು ದಿನ ಮಲಗಿದ್ದಳು. ಅಷ್ಟೂ ದಿನ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದವಳು ಖೈರುಬೀ. ಅವಳ ಗಂಡನದು ಫಾರಮ್ಮಿನ ಎದುರಿಗೇ ಗೂಡು ಬೇಯಿಸಿ ನೂಲು ತೆಗೆಯುವ ಮನೆ. ಬಿಸಿನೀರಿನಲ್ಲಿ ಕೈಯಿಟ್ಟು ಇಟ್ಟು ಅವಳ ಬೆರಳ ತುದಿಗಳು ಸುಕ್ಕಾಗಿ ಬೆಳ್ಳಗಿದ್ದವು. ಫುಮಿಗೆ ಕನ್ನಡ ಕಲಿಸಿದವಳೂ ಅವಳೇ. ಹಾಗಾಗಿ ಜಪಾನಿನ ಹೆಂಗಸು "ಕುಂತ್ಕಳಿ", "ಉಣ್ಣಿ" ಎಂದು ನಮ್ಮ ಮಳವಳ್ಳಿಯ ಹಳ್ಳಿಯವರಂತೆ ಮಾತಾಡುತ್ತಿದ್ದಳು. ನಾಲಿಗೆಗೆ ಲಕಾರ ಮಾತ್ರ ಬರುತ್ತಿರಲಿಲ್ಲ.

ಮಗುವನ್ನು ದಹನ ಮಾಡಿ, ಮೂಳೆಯನ್ನು ಕೆರೆ ಏರಿಯ ಕೆಳಗೆ ಹೊಂಗೆಮರದ ಬುಡದಲ್ಲಿಟ್ಟು, ಮೇಲೆ ಒಂದು ಗುಂಡುಕಲ್ಲು ನಿಲ್ಲಿಸಿದರು. ದಿನಾ ಬೆಳಗ್ಗೆ ಫುಮಿ ಹೋಗಿ ಆ ಕಲ್ಲಿಗೆ ನೀರೆರೆದು ಬರುತ್ತಿದ್ದಳು. ಸತ್ತ ಮಗುವಿಗೆ ಬಾಯಾರಿಕೆ ಆಗಬಾರದು ಎಂಬುದು ಅವಳ ನಂಬಿಕೆ. ನಮ್ಮ ನಂಬಿಕೆಯೂ ಅದೇ ಅಲ್ಲವೇ.

ನನಗೂ ಆ ಹೊತ್ತಿಗೆ ಎರಡು ಹೋಗಿದ್ದವು. ಒಂದು ಹುಟ್ಟುವಾಗಲೇ, ಇನ್ನೊಂದು ಮೂರು ತಿಂಗಳಿಗೆ. ಅದರಿಂದಲೇ ಇರಬೇಕು, ಹದಿನೈದು ದಿನ ಕಳೆದ ಮೇಲೆ ಅವಳ ಮನೆಯ ಮೆಟ್ಟಿಲವರೆಗೆ ಹೋದೆ. ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಕೂತೆ. ಅವಳು ಒಳಗೆ ಹೋಗಿ ಒಂದು ಬಟ್ಟಲಲ್ಲಿ ಹಸಿರು ಟೀ ತಂದಿಟ್ಟಳು.

"ನಮ್ಮಲ್ಲಿ ಹೊರಗೆ ಕುಡಿಯೋದಿಲ್ಲಮ್ಮ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಅಲ್ಲೇ ಇದ್ದ ಖೈರುಬೀ ಬಿಡಿಸಿ ಹೇಳಿದಳು. "ಸಾವಿತ್ರಮ್ಮನೋರು ಮಡಿ ಜನ. ಇನ್ನೊಬ್ರ ಎಂಜ್ಲು ಬಟ್ಲಾಗೆ ಕುಡಿಯಕ್ಕಿಲ್ಲ. ನಮ್ಮನೇಲೂ ಕುಡಿಯಕ್ಕಿಲ್ಲ, ನಿಮ್ಮನೇಲೂ ಕುಡಿಯಕ್ಕಿಲ್ಲ, ಬೇಜಾರು ಮಾಡ್ಕಬ್ಯಾಡಿ."

ಫುಮಿ ಬೇಜಾರು ಮಾಡಿಕೊಳ್ಳಲಿಲ್ಲ. ಆ ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹೋದಳು. ನನಗೇ ಮನೆಗೆ ಬಂದ ಮೇಲೆ ಅನ್ನ ಸೇರಲಿಲ್ಲ. ದುಃಖದ ಮನೆಯಲ್ಲಿ ಕೊಟ್ಟದ್ದನ್ನು ಬೇಡವೆಂದು ಬಂದೆನಲ್ಲ ಎನ್ನಿಸಿತು. ಯಜಮಾನರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ನಮ್ಮ ಬಾವಿ ನೀರು, ನಮ್ಮ ಬೆಳ್ಳಿ ಲೋಟ ತೆಗೆದುಕೊಂಡು ಹೋಗು. ಸೊಪ್ಪು ಗಿಡದ್ದು. ಎತ್ತಿ ಕುಡಿ. ಇದರಲ್ಲಿ ಮೈಲಿಗೆ ಎಲ್ಲಿ ಬಂತು?" ಎಂದರು.

ನಮ್ಮತ್ತೆ ಒಳಗಿನಿಂದಲೇ, "ಬೆಂಕಿ ಯಾರದು, ಕೇಳು" ಎಂದರು.

"ಬೆಂಕಿಗೆ ಮೈಲಿಗೆ ಇಲ್ಲಮ್ಮ."

"ನಿನ್ನ ಮೇಲಿನ ಸಾಹೇಬನ ಹೆಂಡತಿ ಕೊಟ್ಟರೆ ಬೆಂಕಿಗೂ ಇಲ್ಲ, ಬೂದಿಗೂ ಇಲ್ಲ. ಮನೆಗೆ ಬಂದ ಮೇಲೆ ಸ್ನಾನ ಮಾಡಿ ಒಳಗೆ ಬಾ ಎಂದು ಹೇಳು ನಿನ್ನ ಹೆಂಡತಿಗೆ."

ಅಷ್ಟಕ್ಕೆ ಒಪ್ಪಿದರಲ್ಲ, ಅದೊಂದು ಪುಣ್ಯ. ನಮ್ಮತ್ತೆ ವಿಧವೆ. ಮಡಿಯಲ್ಲಿ ಬಿಗಿ, ಮಾತಿನಲ್ಲಿ ಇನ್ನೂ ಬಿಗಿ.

ಕಾರ್ತಿಕದಿಂದ ಶುರುವಾಯಿತು ನನ್ನ ಕಲಿಕೆ. ವಾರಕ್ಕೊಂದು ದಿನ, ಶುಕ್ರವಾರದ ಪೂಜೆ ಮುಗಿಸಿ ಮಧ್ಯಾಹ್ನದ ಮೇಲೆ ಹೋಗುತ್ತಿದ್ದೆ. ಟೀ ಕುಡಿಯುವುದರಲ್ಲಿ ಕಲಿಯುವುದೇನು ಎಂದು ಮೊದಲ ದಿನ ನಕ್ಕಿದ್ದೆ. ಖೈರುಬೀಯೂ ನಕ್ಕಿದ್ದಳು. "ಬಾಯಿ ತೆಗಿ, ಉಯ್ಕೊ, ಇನ್ನೇನೈತೆ ಅದ್ರಾಗೆ?" ಎಂದಿದ್ದಳು. ಎರಡನೆಯ ವಾರಕ್ಕೆ ಇಬ್ಬರ ನಗುವೂ ನಿಂತಿತು.

ಬಾಗಿಲಲ್ಲಿ ಮಂಡಿಯೂರಿ ಒಳಗೆ ಹೋಗಬೇಕು. ಚಾಪೆಯ ಅಂಚನ್ನು ತುಳಿಯಬಾರದು. ಗೋಡೆಗೆ ತೂಗುಹಾಕಿದ ಬರಹಕ್ಕೆ ತಲೆ ಬಾಗಿಸಬೇಕು, ಬಿದಿರಿನ ತುಂಡಿನಲ್ಲಿಟ್ಟ ಹೂವಿಗೆ ತಲೆ ಬಾಗಿಸಬೇಕು. ಹೂ ಅಂದರೆ ಒಂದೇ ಒಂದು. ಒಂದೇ ತುಂಬೆ ಹೂ ಇಟ್ಟದ್ದು ನೋಡಿ ನನಗೆ ಸಂಕಟವಾಗಿ, ಮುಂದಿನ ವಾರ ಹಿತ್ತಿಲ ಕನಕಾಂಬರ, ಕಣಗಿಲೆ, ದಾಸವಾಳ ಎಲ್ಲ ಬಿಡಿಸಿ ಒಂದು ಬುಟ್ಟಿ ತುಂಬ ಒಯ್ದೆ. ಫುಮಿ ಎರಡು ಕೈಯಲ್ಲಿ ತೆಗೆದುಕೊಂಡಳು. ಬಹಳ ಹೊತ್ತು ನೋಡಿದಳು. ಅದರಲ್ಲಿ ಒಂದು ಮೊಗ್ಗು ಆರಿಸಿಕೊಂಡು, ಉಳಿದದ್ದನ್ನು ಅಷ್ಟೇ ಮರ್ಯಾದೆಯಿಂದ ನನ್ನ ಮುಂದೆ ತಂದಿಟ್ಟಳು. ಆ ಸಂಜೆ ನಮ್ಮ ಮನೆ ದೇವರಿಗೆ ಎರಡು ಸಲ ಹೂ ಬಿತ್ತು.

ಆಮೇಲೆ ಕೆಂಡ, ಕಬ್ಬಿಣದ ಕೆಟಲ್ಲು. ಬಿದಿರಿನ ಸೌಟಿನಿಂದ ನೀರು ತೆಗೆಯುವುದು, ಕರವಸ್ತ್ರದಷ್ಟು ಬಟ್ಟೆಯನ್ನು ಮೂರು ಮಡಿಕೆ ಮಾಡಿ ಚಮಚ ಒರೆಸುವುದು, ಬಟ್ಟಲಿನಲ್ಲಿ ಪುಡಿ ಹಾಕಿ ಬಿದಿರಿನ ಸಣ್ಣ ಕಡೆಗೋಲಿನಂಥದರಲ್ಲಿ ನೊರೆ ಬರಿಸುವುದು. ಬಟ್ಟಲನ್ನು ಅಂಗೈ ಮೇಲಿಟ್ಟು ಬಲಕ್ಕೆ ಎರಡು ಸಲ ತಿರುಗಿಸಬೇಕು, ಅದರ ಚೆಂದದ ಮುಖ ಎದುರಿನವರ ಕಡೆಗಿರುವ ಹಾಗೆ. ನಾನು ಅಭ್ಯಾಸಬಲದಿಂದ ಮಂಗಳಾರತಿ ತಟ್ಟೆಯಂತೆ ಮೂರು ಸುತ್ತು ಪೂರ್ತಿ ತಿರುಗಿಸಿದೆ. ಫುಮಿ ಬಾಯಿಗೆ ತೋಳು ಅಡ್ಡಹಿಡಿದು ನಕ್ಕಳು. ಮಗು ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಿಧಾನ" ಎನ್ನುತ್ತಿದ್ದಳು. ಅವಳು ನನಗೆ ಹೇಳಿಕೊಟ್ಟ ಪಾಠವೆಲ್ಲ ಆ ಒಂದು ಮಾತು. ನೀರು ತೆಗೆಯುವಾಗ ನಿಧಾನ, ಏಳುವಾಗ ನಿಧಾನ. ನಮ್ಮಾವ ಇದ್ದಾಗ ಸಂಧ್ಯಾವಂದನೆಗೆ ಕೂತರೆ ಪಂಚಪಾತ್ರೆ ಉದ್ಧರಣೆಯ ಸದ್ದು ಮಾತ್ರ ಕೇಳುತ್ತಿತ್ತಂತೆ. ಇಲ್ಲೂ ಹಾಗೇ. ಕೆಟಲ್ಲಿನ ಸದ್ದು, ಬಟ್ಟೆ ಮಡಿಸುವ ಸದ್ದು, ಹೊರಗೆ ಖೈರುಬೀಯ ಮನೆಯ ನೂಲಿನ ಚಕ್ರದ ಸದ್ದು. ಇದು ಪೂಜೆ ಎಂದು ನನಗೆ ಬೇಗ ತಿಳಿಯಿತು. ಯಾರ ಪೂಜೆ ಎಂದು ಕೇಳಲಿಲ್ಲ.

ನಾನು ಕುಡಿಯುತ್ತಿದ್ದದ್ದು ನನ್ನ ಬೆಳ್ಳಿ ಲೋಟದಲ್ಲಿ, ಎತ್ತಿ. ತುಟಿ ತಾಗದಂತೆ ಗಂಟಲಿಗೆ ನೇರ ಬೀಳುವ ಹಾಗೆ. ಫುಮಿಗೆ ಅದು ದೊಡ್ಡ ವಿದ್ಯೆಯಂತೆ ಕಂಡಿತು. ತಾನೂ ಮಾಡಲು ಹೋಗಿ ಮೂಗಿಗೆ ಹಾಕಿಕೊಂಡಳು.

ಅವಳ ಊರಿನ ನಿಜವಾದ ಟೀ ಪುಡಿ ಒಂದು ಸಣ್ಣ ಡಬ್ಬಿಯಷ್ಟು ಮಾತ್ರ ಉಳಿದಿತ್ತು. ಹಡಗು ಬರುವುದು ನಿಂತ ಮೇಲೆ ಅದರ ಬಾಯಿಗೆ ಕಾಗದ ಅಂಟಿಸಿ ಮೇಲಿಟ್ಟುಬಿಟ್ಟಳು. ಕಲಿಯುವುದಕ್ಕೆ ಹಿಪ್ಪುನೇರಳೆ ಸೊಪ್ಪು ಸಾಕು ಎಂದಳು. ಅವರ ಊರಲ್ಲೂ ಬಡವರು ಅದನ್ನು ಕುಡಿಯುತ್ತಾರಂತೆ. ನೆರಳಿನಲ್ಲಿ ಒಣಗಿಸಿ, ನಮ್ಮ ಮನೆಯ ರಾಗಿ ಕಲ್ಲಿನಲ್ಲಿ ಇಬ್ಬರೂ ಕೂತು ಬೀಸಿದೆವು. ನಮ್ಮತ್ತೆ ಜಪಮಾಲೆ ಹಿಡಿದು ನೋಡುತ್ತಿದ್ದವರು, "ಹುಳದ ಸೊಪ್ಪು ಬೀಸಿದ ಕಲ್ಲಿನಲ್ಲಿ ನಾಳೆ ರಾಗಿ ಬೀಸ್ತೀಯೇನೇ? ತಿಂದು ನನ್ನ ಮಗ ಮೂಲೆಯಲ್ಲಿ ಗೂಡು ಕಟ್ಟಿಕೊಂಡು ಕೂರ್ತಾನೆ" ಎಂದರು. ಖೈರುಬೀ ಬಾಗಿಲಾಚೆಯಿಂದ, "ಕಟ್ಲಿ ಬುಡಿ ಅಜ್ಜಮ್ಮ, ನಾನು ಬಿಚ್ಕೊಡ್ತೀನಿ" ಎಂದಳು. ನಮ್ಮತ್ತೆ ಮುಖ ತಿರುಗಿಸಿಕೊಂಡರು. ನಕ್ಕದ್ದು ಕಾಣಬಾರದೆಂದು ಇರಬೇಕು.

ಹೀಗೆ ಚಳಿಗಾಲ ಹೋಯಿತು, ಬೇಸಿಗೆ ಬಂತು. ಬೇಸಿಗೆಯಲ್ಲಿ ನಾನು ಬಸುರಿ ಎಂದು ಗೊತ್ತಾಯಿತು.

ಸಂತೋಷಪಡಲು ಯಾರಿಗೂ ಧೈರ್ಯವಿರಲಿಲ್ಲ. ನಮ್ಮತ್ತೆ ಮದ್ದೂರಿಗೆ ಹೋಗಿ ನರಸಿಂಹಸ್ವಾಮಿಗೆ ಹರಕೆ ಹೊತ್ತು ಬಂದರು. ಹೆರಿಗೆಯಾಗುವವರೆಗೆ ನಾನು ಹೊರಗಿನದೇನೂ ಬಾಯಿಗೆ ಹಾಕಬಾರದು, ಎಂಜಲು ಮುಟ್ಟಬಾರದು. ಬೆಳ್ಳಿ ಲೋಟವೂ ಮನೆಯಲ್ಲೇ ಉಳಿಯಿತು. ಶುಕ್ರವಾರ ನಾನು ಹೋಗಿ ಟೀ ಮಾಡಿ ಖೈರುಬೀಗೆ ಕೊಟ್ಟು, ಕುಡಿಯದೆ ಬರುತ್ತಿದ್ದೆ. ಮಂಡಿಯೂರಿ ಕೂರಬೇಡವೆಂದು ಫುಮಿ ನನಗೆ ಒಂದು ಮಣೆ ಹಾಕಿಸಿದಳು.

ಆಷಾಢದಲ್ಲಿ ಒಂದು ದಿನ ಅವಳ ಗಂಡನಿಗೆ ಕಾಗದ ಬಂತು. ಜಪಾನಿನ ಮೇಲೂ ಯುದ್ಧವಾಗಬಹುದು, ಹಾಗಾದರೆ ಇಲ್ಲಿರುವ ಜಪಾನಿನವರನ್ನೆಲ್ಲ ಹಿಡಿದು ಒಯ್ಯುತ್ತಾರೆ ಎಂದು ಮಾತು ಹಬ್ಬಿತು. ಆ ಶುಕ್ರವಾರ ಫುಮಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಶ್ರಾವಣಕ್ಕೆ ಚಿಯೋ ಹೋಗಿ ಒಂದು ವರ್ಷ. ಆ ದಿನ ಡಬ್ಬಿಯ ಟೀ ತೆಗೆಯುತ್ತೇನೆ. ಈಗ ಮಾಡುತ್ತಿರುವ ನೀರು ಟೀ ಅಲ್ಲ, ಗಟ್ಟಿ ಟೀ. ಅದನ್ನು ಬೇರೆ ಬೇರೆ ಬಟ್ಟಲಲ್ಲಿ ಕೊಡುವಂತಿಲ್ಲ.

"ಒಂದು ಬಟ್ಟರು. ಮೂರು ಬಾಯಿ" ಎಂದು ಬೆರಳೆತ್ತಿ ತೋರಿಸಿದಳು. "ಕುಡುದ ಮೇರೆ, ಒಂದು ಮನೆ."

ಆಮೇಲೆ ಕಿಟಕಿಯ ಹೊರಗೆ ಕೆರೆ ಏರಿಯ ಕಡೆ ನೋಡಿ, "ನಾವು ಓದ್ರೆ, ಚಿಯೋಗೆ ನೀರು ಯಾರು?" ಎಂದಳು.

ಮೂಳೆ ಕಿತ್ತು ಒಯ್ಯಲು ಬಿಡುತ್ತಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಪರಊರಿನಲ್ಲಿ ಮಗುವನ್ನು ಒಂಟಿಯಾಗಿ ಬಿಟ್ಟು ಹೋಗಬೇಕಾಗಿತ್ತು. ಅದನ್ನು ಯಾರದೋ ಕೈಗೆ ಒಪ್ಪಿಸುವುದಕ್ಕಾಗುವುದಿಲ್ಲ, ಒಂದು ಮನೆಯವರಾದರೆ ಒಪ್ಪಿಸಬಹುದು. ಆ ಬಟ್ಟಲಿಗಾಗಿಯೇ ಅವಳು ಇಷ್ಟು ದಿನ ನಮಗೆ ಕಲಿಸಿದ್ದಳೇನೋ ಎಂದು ನನಗೆ ಆಗ ಹೊಳೆಯಿತು.

"ಆಗಲಿ" ಎಂದೆ. ಖೈರುಬೀ, "ನಾ ಕುಡಿಯಕ್ಕೇನು, ಈಗ್ಲೇ ಕೊಡಿ" ಎಂದಳು.

ಮನೆಗೆ ಬಂದು ಹೇಳಿದೆ. ನಮ್ಮತ್ತೆ ಬತ್ತಿ ಹೊಸೆಯುತ್ತಿದ್ದವರು ಕೈ ನಿಲ್ಲಿಸಿದರು.

"ಅವಳ ದುಃಖ ನನಗೆ ತಿಳಿಯಲ್ಲ ಎಂದುಕೊಂಡೆಯಾ? ಆದರೆ ಎರಡು ಹೋಗಿವೆ ಕಣೇ. ಮೂರನೆಯದಕ್ಕೂ ನಾನು ಹಾಲುತುಪ್ಪ ಬಿಡಿಸಬೇಕೇನೇ?"

ನಾನು ಹೊಸೆದಿದ್ದ ಬತ್ತಿಗಳನ್ನು ಎತ್ತಿ ದೇವರಮನೆಯಲ್ಲಿಟ್ಟೆ.

ಆ ದಿನದವರೆಗೂ ಯೋಚಿಸಿದೆ. ಕೊನೆಗೆ ನನಗೆ ನಾನೇ ಒಂದು ದಾರಿ ಮಾಡಿಕೊಂಡೆ. ನೀರು ನಮ್ಮ ಬಾವಿಯದೇ ಒಯ್ಯುತ್ತೇನೆ. ಬಟ್ಟಲು ಅವಳದ್ದೇ ಇರಲಿ, ಎತ್ತಿ ಕುಡಿಯುತ್ತೇನೆ. ತುಟಿ ತಾಗದಿದ್ದರೆ ಎಂಜಲಿಲ್ಲ. ಹೊಟ್ಟೆಗೆ ಹೋದರೆ ಅವಳ ಮಾತೂ ಉಳಿಯಿತು, ಹರಕೆಯೂ ಉಳಿಯಿತು. ಎಷ್ಟು ಜಾಣೆ ನಾನು ಎಂದು ಆ ಬೆಳಗ್ಗೆ ಸಮಾಧಾನವಾಗಿ ತಲೆ ಬಾಚಿಕೊಂಡೆ.

ಜಿನುಗು ಮಳೆ. ಫುಮಿ ಕಪ್ಪನೆಯ ಉದ್ದ ಉಡುಪು ಉಟ್ಟಿದ್ದಳು. ಗೋಡೆಯ ಬರಹ ಬದಲಾಗಿತ್ತು. ಬಿದಿರಿನಲ್ಲಿ ಹೂವಿರಲಿಲ್ಲ, ಬರಿಯ ಒಂದು ಹಿಪ್ಪುನೇರಳೆ ಚಿಗುರು. ನನ್ನನ್ನು ಮೊದಲ ಜಾಗದಲ್ಲಿ ಕೂರಿಸಿದಳು, ಪಕ್ಕದಲ್ಲಿ ಖೈರುಬೀ. ಡಬ್ಬಿಯ ಕಾಗದ ಕಿತ್ತಳು. ವಾಸನೆ ಬಂತು. ಹಿಪ್ಪುನೇರಳೆಯದೇ ವಾಸನೆ, ಆದರೆ ಅದಕ್ಕಿಂತ ಆಳ.

ಬಟ್ಟಲು ಮಾತ್ರ ನಾನು ನೋಡಿದ್ದಲ್ಲ. ದಿನಾ ಬಳಸುತ್ತಿದ್ದ ನುಣುಪಾದ ಬಟ್ಟಲಿನ ಬದಲು ಒರಟು ಮಣ್ಣಿನದು, ಹೊಗೆ ಹಿಡಿದು ಕರ‍್ರಗಾದದ್ದು, ಅಂಚು ಸೊಟ್ಟ. ಇದು ಅವರ ಅಜ್ಜಿಯ ಕಾಲದ್ದಿರಬೇಕು, ಎಷ್ಟು ಬಾಯಿ ಇಟ್ಟಿವೆಯೋ ಎಂದುಕೊಂಡೆ. ಹೊಟ್ಟೆಯ ಮೇಲೆ ಕೈ ಹೋಯಿತು.

ಡಬ್ಬಿಯಲ್ಲಿದ್ದಷ್ಟನ್ನೂ ಹಾಕಿ, ಸ್ವಲ್ಪವೇ ನೀರು ಬಿಟ್ಟು ಫುಮಿ ಬಹಳ ಹೊತ್ತು ಕಲಸಿದಳು. ಎರಡು ಕೈಯಿಂದ ನನ್ನ ಮುಂದಿಟ್ಟು ತಲೆ ಚಾಪೆಗೆ ತಾಗುವಂತೆ ಬಾಗಿದಳು. ನಾನೂ ಬಾಗಿದೆ. ಬಟ್ಟಲನ್ನು ಅಂಗೈ ಮೇಲಿಟ್ಟು ಎರಡು ಸಲ ತಿರುಗಿಸಿದೆ, ಅದರಲ್ಲಿ ತಪ್ಪಲಿಲ್ಲ.

"ತುಟಿ ಇಕ್ಕಿ ಕುಡೀರಿ ಅಮ್ನೋರೆ" ಎಂದು ಖೈರುಬೀ ಪಿಸುಗುಟ್ಟಿದಳು.

ನಾನು ತಲೆ ಹಿಂದಕ್ಕೆ ಮಾಡಿ ಬಟ್ಟಲನ್ನು ಮೇಲಕ್ಕೆತ್ತಿ ಬಗ್ಗಿಸಿದೆ. ಬೀಳಲಿಲ್ಲ. ಇನ್ನೂ ಬಗ್ಗಿಸಿದೆ. ಅದು ಟೀಯೇ ಅಲ್ಲ, ರುಬ್ಬಿದ ಮದರಂಗಿಯಷ್ಟು ಗಟ್ಟಿ. ಬಟ್ಟಲಿಗೆ ಅಂಟಿಕೊಂಡು ಮೆಲ್ಲಗೆ ಜಾರುತ್ತಿತ್ತು. ಬಾಯಿ ತೆರೆದುಕೊಂಡು ಕಾಯುತ್ತಾ ಕೂತೆ. ಕತ್ತು ನೋಯತೊಡಗಿತು. ಆಗ ಒಂದು ಮುದ್ದೆ ಕಳಚಿ ಗಲ್ಲಕ್ಕೆ ಬಿತ್ತು, ಅಲ್ಲಿಂದ ಕುತ್ತಿಗೆಗೆ, ಸೆರಗಿಗೆ. ಬಾಯಿಗೆ ಒಂದು ತೊಟ್ಟೂ ಬೀಳಲಿಲ್ಲ.

ಖೈರುಬೀ ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ನಾನು ಬಟ್ಟಲನ್ನು ಇಳಿಸಿದೆ. ಇನ್ನೂ ಹೊತ್ತಿತ್ತು. ತುಟಿಗಿಟ್ಟು ಒಂದು ಗುಟುಕು ಎಳೆದುಕೊಂಡಿದ್ದರೆ ಆಗುತ್ತಿತ್ತು. ಕೈಯಲ್ಲಿ ಹಿಡಿದೇ ಇದ್ದೆ. ಆಮೇಲೆ ಖೈರುಬೀಯ ಮುಂದೆ ಇಟ್ಟುಬಿಟ್ಟೆ.

ಕುಡಿದವರು ತಮ್ಮ ತುಟಿ ತಾಗಿದ ಕಡೆ ಒದ್ದೆ ಬಟ್ಟೆಯಿಂದ ಒರೆಸಿ ಮುಂದಿನವರಿಗೆ ಕೊಡುವುದು ಅವರ ಕ್ರಮ. ನಾನು ಒರೆಸಲಿಲ್ಲ, ಒರೆಸುವುದಕ್ಕೆ ಏನಿತ್ತು. ಫುಮಿ ಮುಂದೆ ಬಾಗಿ, ತಾಗದಿದ್ದ ಆ ಅಂಚನ್ನು ತಾನೇ ಒರೆಸಿದಳು. ಖೈರುಬೀ ಕುಡಿದಳು. ಕೊನೆಗೆ ಫುಮಿ ಕುಡಿದಳು. ಖಾಲಿ ಬಟ್ಟಲನ್ನು ಕೆಳಗಿಟ್ಟು, ನನ್ನ ಹತ್ತಿರ ಬಂದು, ಸೆರಗಿಗೆ ಬಿದ್ದ ಹಸಿರನ್ನು ಒದ್ದೆ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದಳು. ಮಗುವಿನ ಬಾಯಿ ಒರೆಸುವ ಹಾಗೆ. ಕೇಳಬೇಕೆಂದಿದ್ದ ಮಾತನ್ನು ಆ ದಿನ ಅವಳು ಕೇಳಲಿಲ್ಲ. ನಾನೂ ಎತ್ತಲಿಲ್ಲ.

ಆಮೇಲೆ ಹೋಗುವುದು ಕಡಿಮೆಯಾಯಿತು. ನನಗೆ ಕಾಲು ಬಾತುಕೊಂಡಿತ್ತು ಎಂಬುದೂ ನಿಜ, ಮುಖ ತೋರಿಸಲು ಕಷ್ಟವಾಗುತ್ತಿತ್ತು ಎಂಬುದೂ ನಿಜ. ದಸರಾ ಕಳೆದ ಮೇಲೆ ಹೆರಿಗೆಗೆಂದು ಮದ್ದೂರಿಗೆ ತಾಯಿಯ ಮನೆಗೆ ಹೊರಟೆ. ಫುಮಿ ಬಸ್ಸು ನಿಲ್ಲುವ ಕಡೆಗೆ ಬಂದಿದ್ದಳು. "ನಿಧಾನ" ಎಂದಳು ಅಷ್ಟೆ. ಬಾಣಂತನ ಮುಗಿಸಿ ಬಂದು ನಾನೇ ಕೇಳುತ್ತೇನೆ, ಚಿಯೋಗೆ ನೀರು ನಾನು ಕೊಡುತ್ತೇನೆ ಎಂದು ಹೇಳಿಬಿಡುತ್ತೇನೆ, ಆಗ ಹರಕೆಯ ಕಟ್ಟೂ ಇರುವುದಿಲ್ಲ ಎಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಮಾರ್ಗಶಿರದಲ್ಲಿ ಗಂಡು ಮಗು ಹುಟ್ಟಿತು. ಅತ್ತಿತು. ಹಾಲು ಕುಡಿಯಿತು. ಹತ್ತು ದಿನ ಕಳೆಯಿತು, ಬದುಕಿತ್ತು. ಸ್ವಾಮಿ ನರಸಿಂಹ ಅಷ್ಟು ನಡೆಸಿಕೊಟ್ಟ. ನಾಮಕರಣಕ್ಕೆ ಬಂದ ಯಜಮಾನರು ತೊಟ್ಟಿಲ ಹತ್ತಿರ ಬಹಳ ಹೊತ್ತು ಕೂತರು. ಎಲ್ಲರೂ ಆಚೆ ಹೋದ ಮೇಲೆ ಹೇಳಿದರು.

"ಜಪಾನಿನವರನ್ನು ಕರಕೊಂಡು ಹೋದರು."

"ಯಾವಾಗ?"

"ಜಪಾನಿನ ಮೇಲೂ ಯುದ್ಧ ಎಂದು ಗೊತ್ತಾದ ಎರಡನೇ ದಿನ. ಪೋಲೀಸಿನವರು ಬಂದರು. ಗಂಟು ಕಟ್ಟುವಷ್ಟು ಹೊತ್ತು ಕೊಟ್ಟರು. ಉತ್ತರದ ಕಡೆ ಯಾವುದೋ ಕೋಟೆಯಲ್ಲಿ ಇಡುತ್ತಾರಂತೆ."

"ನನ್ನನ್ನೇನಾದರೂ ಕೇಳಿದಳೇ?"

"ಹೆರಿಗೆ ಆಯಿತಾ ಎಂದು ಕೇಳಿದಳು. ಆಗ ಇನ್ನೂ ಆಗಿರಲಿಲ್ಲ. ಇಲ್ಲ ಎಂದೆ."

ಮಗನ ಸುದ್ದಿ ಅವಳಿಗೆ ತಿಳಿಯಲೇ ಇಲ್ಲ.

ಐದು ತಿಂಗಳ ಮಗುವನ್ನು ಎತ್ತಿಕೊಂಡು ಮಳವಳ್ಳಿಗೆ ಮರಳಿ ಬಂದಾಗ ಬೇಸಿಗೆ. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಬಸ್ಸು, ಮೈಯೆಲ್ಲ ಮಸಿ. ಕೊನೆಯ ಮನೆಯ ಬಾಗಿಲಿಗೆ ಬೀಗ, ಅದರ ಮೇಲೆ ಅರಗಿನ ಮುದ್ರೆ. ಖೈರುಬೀ ಮಗುವನ್ನು ನೋಡಲು ಬಂದಳು. ದೃಷ್ಟಿ ತೆಗೆದು ಬೆರಳು ಮುರಿದಳು. ಆಮೇಲೆ ಜಗುಲಿಯ ಕೆಳಗೆ ಕೂತು, ತಾನಾಗಿಯೇ ಮಾತು ತೆಗೆದಳು.

"ಅವತ್ತಿನ ಬಟ್ಲು ಹಳೇದು ಅಂದ್ಕಂಡಿದ್ರಾ ಅಮ್ನೋರೆ?"

"ಅವರ ಹಿರಿಯರದ್ದಲ್ಲವೇ?"

"ಅದ್ಕೆ ಎಂಟು ದಿನ ಆಗಿತ್ತು ಅಷ್ಟೆ. ನಾನೇ ಕುಂಬಾರಗೇರಿಗೆ ಕರ್ಕಂಡೋಗಿದ್ದೆ. ಮೂರು ಸಲ ಸರಿ ಬರ್ನಿಲ್ಲ ಅಂತ ಮುರಿಸಿದ್ಲು. ನಾಕ್ನೇದು ಒಪ್ಪಿದ್ಲು. ಮಣ್ಣು ಟೀ ಈರ್ಕಬಾರ್ದು ಅಂತ ಒಗೆ ಕೊಡಿಸಿ ಕರ‍್ರಗೆ ಮಾಡಿಸಿದ್ಲು. ಯಾರೂ ಬಾಯಿ ಇಕ್ಕಿಲ್ಲ, ಸಾವಿತ್ರಮ್ಮಂಗೆ ಎಂಜ್ಲು ಇಲ್ಲ ಅಂದ್ಲು. ಅದ್ಕೇ ನಿಮ್ಮನ್ನ ಮೊದ್ಲು ಕುಂಡ್ರಿಸಿದ್ದು. ನಿಮ್ಮ ಎಂಜ್ಲು ನಾವು ಕುಡಿಯೋದು, ನಮ್ದು ನೀವಲ್ಲ."

ಹೊಸ ಮಣ್ಣಿನ ಪಾತ್ರೆಗಿಂತ ಮಡಿ ಯಾವುದಿದೆ. ನಮ್ಮತ್ತೆಯೂ ಬೇಡವೆನ್ನುತ್ತಿರಲಿಲ್ಲವೇನೋ.

"ಅವತ್ತೇ ಯಾಕೆ ಹೇಳಲಿಲ್ಲ ಖೈರುಬೀ?"

"ನಾ ಯೋಳ್ತೀನಿ ಅಂದೆ. ಬ್ಯಾಡ ಅಂದ್ಲು. ಯೋಳಿಸ್ಕಂಡು ಕುಡುದ್ರೆ ಕುಡುದಂಗಲ್ಲವಂತೆ."

ಮತ್ತೆ ಅವಳೇ ಹೇಳಿದಳು. "ಪೋಲೀಸ್ನೋರು ಬಂದಾಗ ಮಗೀಗೆ ನೀರು ಆಕು ಅಂತ ನಂಗೆ ಯೋಳಿದ್ಲು. ಸಾವಿತ್ರಮ್ಮನೋರಿಗೆ ಏನು ಯೋಳ್ಲಿ ಅಂತ ಕೇಳ್ದೆ. ಅವ್ರ ಒಟ್ಟೆಯಾಗೆ ಮಗು ಐತೆ, ಸತ್ತ ಮಗೀಂದು ಅವ್ರಿಗೆ ಬ್ಯಾಡ ಅಂದ್ಲು. ಕ್ವಾಪದಾಗೆ ಅನ್ನಲಿಲ್ಲ, ಅಮ್ನೋರೆ. ನನ್ನಾಣೆ."

ಕೋಪದಲ್ಲಿ ಹೇಳಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಮಾರನೆಯ ದಿನ ಖೈರುಬೀಯ ಜೊತೆ ಕೆರೆ ಏರಿಗೆ ಹೋದೆ. ಅವಳು ನೀರೆರೆದಳು. ನಾನೂ ಎರೆದೆ. ಅದರ ಮುಂದೆ ಐದಾರು ವರ್ಷ, ಯಜಮಾನರಿಗೆ ಮಂಡ್ಯಕ್ಕೆ ವರ್ಗವಾಗುವವರೆಗೆ, ನಾವಿಬ್ಬರೂ ಸರದಿಯ ಮೇಲೆ ಹೋಗುತ್ತಿದ್ದೆವು. ಆದರೂ ನನಗೆ ಸಮಾಧಾನವಿರಲಿಲ್ಲ. ಖೈರುಬೀಗೆ ಒಪ್ಪಿಸಿದ ಕೆಲಸ ಅದು, ನಾನು ಜೊತೆಗೆ ಹೋದವಳು. ನನ್ನನ್ನು ಯಾರೂ ಕೇಳಿರಲಿಲ್ಲ.

ನಾನು ಮರಳಿ ಬಂದ ಆ ವರ್ಷದ ಮಹಾಲಯ ಅಮಾವಾಸ್ಯೆ ಬಂತು. ಯಜಮಾನರು ನಡುಮನೆಯಲ್ಲಿ ದರ್ಭೆ ಹಾಕಿಕೊಂಡು ತರ್ಪಣಕ್ಕೆ ಕೂತಿದ್ದರು. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು, ಎಲ್ಲ ಆಯಿತು. ಕೊನೆಗೆ ಗುರುಗಳು, ಸ್ನೇಹಿತರು, ಯಾರೂ ದಿಕ್ಕಿಲ್ಲದೆ ಹೋದವರು, ಅವರಿಗೂ ಎಳ್ಳುನೀರು ಬಿಡುವ ಪದ್ಧತಿಯಿದೆ. ನಾನು ಕಂಬದ ಮರೆಯಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದೆ.

"ಇನ್ನೊಂದು ಹೆಸರು ಇದೆ" ಎಂದೆ.

ಅವರು ತಿರುಗಿ ನೋಡಿದರು.

"ಚಿಯೋ."

ಅವರು ತಂಬಿಗೆಗೆ ಕೈ ಹಾಕಿದವರು ನಿಲ್ಲಿಸಿದರು. ಬೇಡವೆನ್ನಲಿಲ್ಲ. "ಗೋತ್ರ?" ಎಂದರು. "ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಎಂದು ಹೇಳುವುದುಂಟು."

"ಬೇಡ" ಎಂದೆ. "ನಮ್ಮದೇ ಹೇಳಿ."

ನಮ್ಮ ಗೋತ್ರ ಹೇಳುವುದೆಂದರೆ ನಮ್ಮ ಮನೆಯ ಮಗಳು ಎಂದು ಹೇಳಿದಂತೆ. ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಅವರು ನಮ್ಮತ್ತೆಯ ಮುಖ ನೋಡಿದರು. ನಮ್ಮತ್ತೆ ಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದರು. ಆಮೇಲೆ ಎಳ್ಳಿನ ಬಟ್ಟಲನ್ನು ಮಗನ ಕಡೆಗೆ ಮೆಲ್ಲಗೆ ಸರಿಸಿ, "ಹೆಸರು ಸರಿಯಾಗಿ ಹೇಳು. ಮಕ್ಕಳು ತಪ್ಪು ಹೆಸರಿಗೆ ತಿರುಗಿ ನೋಡಲ್ಲ" ಎಂದರು.

ಯಜಮಾನರು ಭಾರದ್ವಾಜ ಗೋತ್ರ ಎಂದರು, ಚಿಯೋ ಎಂದರು, ನೀರು ಬಿಟ್ಟರು.

ಕೆರೆ ಏರಿಯ ಆ ಕಲ್ಲು ಈಗಿಲ್ಲ. ರಸ್ತೆ ಅಗಲ ಮಾಡುವಾಗ ಹೊಂಗೆಮರದ ಜೊತೆಗೆ ಹೋಯಿತು. ಯಜಮಾನರೂ ಇಲ್ಲ, ಖೈರುಬೀಯೂ ಇಲ್ಲ. ಮಗ ತರ್ಪಣ ಕೊಡುತ್ತಾನೆ, ಚಿಯೋ ಹೆಸರನ್ನು ತಪ್ಪಿಸಿಲ್ಲ. ನಾಲ್ಕು ವರ್ಷದ ಹಿಂದೆ ಅವನು, "ಆ ಮಗುವಿನ ತಾಯಿಯ ಹೆಸರನ್ನೂ ಸೇರಿಸಲೇನಮ್ಮ? ಇಷ್ಟು ವರ್ಷವಾಯಿತಲ್ಲ" ಎಂದು ಕೇಳಿದ. ಫುಮಿ ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಲೆಕ್ಕ ಹಾಕಿದರೆ ಇರಲಾರಳು. ಆದರೆ ಬದುಕಿರುವವರಿಗೆ ಎಳ್ಳುನೀರು ಬಿಡಬಾರದು, ಸತ್ತಳೆಂದು ನನಗೆ ಯಾರೂ ಬಂದು ಹೇಳಿಲ್ಲ.

"ಬೇಡ, ಇರಲಿ" ಎಂದೆ.

ಪ್ರತಿ ವರ್ಷವೂ ಕೇಳುತ್ತಾನೆ. ಪ್ರತಿ ವರ್ಷವೂ ಹಾಗೇ ಹೇಳುತ್ತೇನೆ.